ನಾಲಿಗೆಗೆ ಗೊತ್ತಿರುವ ಮಣ್ಣು

ಬೀದರ್ ಪಟ್ಟಣ ಕೂತಿರುವುದು ಒಂದು ಕೆಂಪು ಹಲಗೆಯ ಮೇಲೆ. ಹಲಗೆಯ ಅಂಚು ಮುಗಿದು ರಸ್ತೆ ಇಳಿಯತೊಡಗಿತೆಂದರೆ ನೆಲದ ಬಣ್ಣವೇ ಬೇರೆ. ಮೇಲೆ ಇಟ್ಟಿಗೆಗೆಂಪು, ಕೆಳಗಿನ ಬಯಲಿನಲ್ಲಿ ಒಲೆಯ ಮಸಿಯಂಥ ಕಪ್ಪು. ನಡುವಿನ ಇಳಿಜಾರಿನಲ್ಲಿ ರಸ್ತೆಗಾಗಿ ಕಡಿದ ಗುಡ್ಡದ ಗೋಡೆಯೊಂದಿದೆ. ಡಿಸೆಂಬರಿನ ಒಂದು ಬೆಳಿಗ್ಗೆ ಆ ಗೋಡೆಯ ಮುಂದೆ ಇಬ್ಬರು ಬಹಳ ಹೊತ್ತು ನಿಂತಿದ್ದರು. ಹಾದುಹೋಗುವ ಟಂಟಂನವರು, ಇವರು ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾರೆಂದು ವೇಗ ತಗ್ಗಿಸಿ ನೋಡುತ್ತಿದ್ದರು.

ಒಬ್ಬರು ಮಣ್ಣು ಸಮೀಕ್ಷೆಯಲ್ಲೇ ಮೂವತ್ತು ವರ್ಷ ಕಳೆದು ನಿವೃತ್ತರಾದ ವಿಜ್ಞಾನಿ, ವಿಜಯಪುರ ಸೀಮೆಯವರು. ಅವರ ಚೀಲದಲ್ಲಿ ಸುತ್ತಿಗೆ, ಭೂತಗನ್ನಡಿ, ನೀರಿನ ಬಾಟಲಿ, ಆಮ್ಲದ ಒಂದು ಪುಟ್ಟ ಸೀಸೆ. ಇನ್ನೊಬ್ಬರು ಕುಮಟಾ ಕಡೆಯ ಕಲಾವಿದೆ. ಮಣ್ಣನ್ನು ಅರೆದು, ಸೋಸಿ, ಗೋಂದು ಬೆರೆಸಿ ಬಣ್ಣ ಮಾಡಿಕೊಳ್ಳುವವರು. ಅವರ ಚೀಲದಲ್ಲಿ ಜರಡಿ, ದಪ್ಪ ಕಾಗದ, ಹಳೆಯ ಬಟ್ಟೆಯ ತುಂಡುಗಳು.

"ಇಂಥಾ ಕಡೆ ಬಂದ್ರೆ ನೀವು ಮೊದಲು ಏನು ನೋಡ್ತೀರಿ ಸರ್?" ಕಲಾವಿದೆ ಕೇಳಿದರು.

"ಬಣ್ಣ."

"ನಾನೂ ಅಷ್ಟೇ."

"ಹಂಗಂದ್ರ ನಮ್ಮ ಜಗಳ ಇಲ್ಲಿಂದನ ಚಾಲೂ ಆಗ್ತದ ತಂಗಿ," ಎಂದು ವಿಜ್ಞಾನಿ ಚೀಲದಿಂದ ಒಂದು ಸಣ್ಣ ಪುಸ್ತಕ ತೆಗೆದರು. ಪುಟಪುಟದಲ್ಲೂ ಬಣ್ಣದ ಚೌಕಗಳು. ಪ್ರತಿ ಚೌಕದ ಮಗ್ಗುಲಿಗೆ ಒಂದು ತೂತು. ತೂತಿನ ಹಿಂದೆ ಮಣ್ಣಿನ ಹೆಂಟೆ ಹಿಡಿದು, ಯಾವ ಚೌಕಕ್ಕೆ ಹೊಂದುತ್ತದೆ ಎಂದು ಪುಟ ಸರಿಸುತ್ತ ಹೋದರು. "ನಾ ಬರೇ 'ಕೆಂಪು' ಅಂತ ಬರದ್ರ ದಿಲ್ಲ್ಯಾಗ ಕೂತವರಿಗೆ ಏನು ತಿಳೀಬೇಕು? ಕುಂಕುಮನೂ ಕೆಂಪ, ಮೆಣಸಿನಕಾಯೀನೂ ಕೆಂಪ. ಇದಕ್ಕ 2.5 ವೈಆರ್ 4/6 ಅಂತ ಬರದ್ನಿ ಅಂದ್ರ ಜಗತ್ತಿನ್ಯಾಗ ಯಾವ ಮೂಲಿಯೊಳಗ ಪುಸ್ತಕ ತಗದ್ರೂ ಇದ ಕೆಂಪು ಸಿಗ್ತದ."

ಕಲಾವಿದೆ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ಇದು ನಮ್ಮವರ ಪುಸ್ತಕ ಸರ್. ಇದನ್ನು ಮಾಡಿದ ಆಲ್ಬರ್ಟ್ ಮನ್ಸೆಲ್ ಚಿತ್ರಕಲೆಯ ಮೇಷ್ಟ್ರು."

ಅವರು ಹೇಳಿದ್ದು ನಿಜ. ಮನ್ಸೆಲ್ ಅಮೆರಿಕದ ಬಾಸ್ಟನ್ನಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ ವರ್ಣಚಿತ್ರಕಾರ. ಬಣ್ಣಗಳಿಗೆ ಜನ ಇಡುವ ಹೆಸರುಗಳು ಅವರಿಗೆ ತೃಪ್ತಿ ಕೊಡಲಿಲ್ಲ. ಸ್ವರಕ್ಕೆ ಲಿಪಿ ಇರುವಂತೆ ಬಣ್ಣಕ್ಕೂ ಒಂದು ಲಿಪಿ ಬೇಕೆಂದು ಹೊರಟು, ಪ್ರತಿ ಬಣ್ಣವನ್ನೂ ಮೂರು ಅಳತೆಗಳಲ್ಲಿ ಹೇಳುವ ಕ್ರಮವನ್ನು 1905ರಲ್ಲಿ ಪುಸ್ತಕವಾಗಿ ತಂದರು: ಬಣ್ಣ ಯಾವ ಜಾತಿಯದು, ಎಷ್ಟು ತಿಳಿ ಅಥವಾ ಗಾಢ, ಎಷ್ಟು ತೀವ್ರ. 1918ರಲ್ಲಿ ಅವರು ತೀರಿಕೊಂಡಾಗ ಮಣ್ಣಿನವರು ಈ ಲಿಪಿಯನ್ನು ಇನ್ನೂ ಕೈಗೆತ್ತಿಕೊಂಡಿರಲಿಲ್ಲ. 1940ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಮಣ್ಣು ಸಮೀಕ್ಷೆ ಅದನ್ನು ತನ್ನದಾಗಿಸಿಕೊಂಡಿತು. ಈಗ ಮಣ್ಣು ವಿಜ್ಞಾನದಲ್ಲಿ ಅದೇ ಜಗತ್ತಿನ ವಾಡಿಕೆ. ಮಕ್ಕಳಿಗೆ ಚಿತ್ರ ಕಲಿಸಲು ಹುಟ್ಟಿದ ಲಿಪಿಯೊಂದು ಹೊಲದ ಗುಂಡಿಗಿಳಿದು ನಿಂತವರ ಕೈಗೆ ಬಂದ ಈ ದಾರಿಯನ್ನು ಪಠ್ಯಪುಸ್ತಕಗಳು ಎರಡು ಸಾಲಿನಲ್ಲಿ ದಾಟಿಬಿಡುತ್ತವೆ. ಅಲ್ಲಿ ಸ್ವಲ್ಪ ನಿಲ್ಲಬೇಕಾಗಿತ್ತು.

"ಆದರೆ ನಿಮ್ಮ ನಂಬರಿನಲ್ಲಿ ಒಂದು ಸಿಗುವುದಿಲ್ಲ," ಎಂದರು ಕಲಾವಿದೆ. ಹೆಂಟೆಯ ಮೇಲೆ ನಾಲ್ಕು ಹನಿ ನೀರು ಬಿಟ್ಟು, ಬೆರಳಲ್ಲಿ ತಿಕ್ಕಿ, ಕಾಗದದ ಮೇಲೆ ಒಂದು ಅಗಲವಾದ ಪಟ್ಟಿ ಎಳೆದರು. "ಹಸಿ ಇದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಒಂದು. ನಾನು ಚಿತ್ರ ಬರೆಯುವುದು ಹಸಿಯಲ್ಲಿ, ನೋಡುವವರು ನೋಡುವುದು ಒಣಗಿದ್ದನ್ನು. ಎಷ್ಟು ವರ್ಷ ಆದರೂ ಈ ಅಂದಾಜು ನನಗೆ ಪೂರ್ತಿ ಕೈಗೆ ಹತ್ತಲಿಲ್ಲ."

"ಅದಕ್ಕ ನಾವು ಎರಡೂ ಬರೀತೀವಿ. ಹಸಿ ಇದ್ದಾಗಿಂದು ಬ್ಯಾರೆ, ಒಣಗಿದಾಗಿಂದು ಬ್ಯಾರೆ. ಹಿಂಗಾಗಿ ಬೆನ್ನಾಗ ನೀರಿನ ಬಾಟಲಿ." ಅವರೂ ಬಾಟಲಿ ಎತ್ತಿ ತೋರಿಸಿದರು. ಎರಡು ಚೀಲಗಳಲ್ಲೂ ಒಂದೇ ಕಾರಣಕ್ಕೆ ನೀರಿತ್ತು.

ಆಮೇಲೆ ಇಬ್ಬರೂ ಕೆಳಗಿಳಿದು ಕಪ್ಪು ನೆಲದ ಹೊಲದ ಬದುವಿಗೆ ಬಂದರು. ತೊಗರಿಯ ಸಾಲುಗಳ ನಡುವೆ ನೆಲ ಬಾಯಿಬಿಟ್ಟಿತ್ತು. ಬಿರುಕಿನಲ್ಲಿ ಕೈ ಇಳಿಸಿದರೆ ಮಣಿಕಟ್ಟಿನ ತನಕ ಹೋಗುವಷ್ಟು ಆಳ.

"ಮ್ಯಾಲಿನ ಕೆಂಪು, ಕೆಳಗಿನ ಕಪ್ಪು, ಎರಡೂ ಒಂದ ಕಲ್ಲಿನ ಹೊಟ್ಟೀಲೆ ಹುಟ್ಟಿದ್ದು, ಗೊತ್ತೇನು?" ಎಂದರು ವಿಜ್ಞಾನಿ.

ಕಲಾವಿದೆಗೆ ಅದು ಗೊತ್ತಿರಲಿಲ್ಲ. ಗೋಡೆಯ ಕಡೆಗೊಮ್ಮೆ, ಹೊಲದ ಕಡೆಗೊಮ್ಮೆ ನೋಡಿದರು.

ಕಲ್ಲು ದಖನ್ ಪ್ರಸ್ಥಭೂಮಿಯ ಕರಿಕಲ್ಲು, ಅಂದರೆ ಬಸಾಲ್ಟ್. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ತಣಿದು ಆದದ್ದು. ಎತ್ತರದ ಮೇಲೆ ಮಳೆನೀರು ನಿಲ್ಲದೆ ಇಳಿದು ಹೋಗುತ್ತ ಲಕ್ಷಾಂತರ ವರ್ಷಗಳಲ್ಲಿ ಸಿಲಿಕಾ, ಸುಣ್ಣ, ಪೊಟ್ಯಾಶಿಯಂಗಳನ್ನೆಲ್ಲ ತೊಳೆದೊಯ್ದಿತು. ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಕಬ್ಬಿಣ ಗಾಳಿಯೊಡನೆ ಸೇರಿ ಹೆಮಟೈಟ್ ಆಯಿತು. ಚಿಟಿಕೆ ಹೆಮಟೈಟ್ ಸಾಕು, ಬೊಗಸೆ ಮಣ್ಣನ್ನು ಕೆಂಪಾಗಿಸುತ್ತದೆ. ತಗ್ಗಿನಲ್ಲಿ ಕತೆ ಉಲ್ಟಾ. ಅಲ್ಲಿ ಸುಣ್ಣ, ಮೆಗ್ನೀಶಿಯಂ ಹೋಗದೆ ಉಳಿದವು. ಅವುಗಳ ಜೊತೆಯಲ್ಲಿ ಹುಟ್ಟಿದ್ದು ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಜೇಡಿ. ಅದೇ ಎರೆಮಣ್ಣು.

"ಕಪ್ಪು ಅಂದ್ರೆ ಗೊಬ್ಬರ ಜಾಸ್ತಿ, ಅಲ್ವಾ ಸರ್?"

"ಎಲ್ಲಾರೂ ಹಂಗ ತಿಳ್ಕೊಂಡಾರ. ನಮ್ಮ ಎರಿ ನೆಲದಾಗ ಸಾವಯವ ಇಂಗಾಲ ಬಾಳ ಕಡೆ ನೂರಕ್ಕ ಒಂದಕಿಂತ ಕಡಿಮಿ ಅದ. ಇದ್ದಷ್ಟರಾಗ ಅದು ಜೇಡಿ ಕಣಕ್ಕ ಗಟ್ಟಿಯಾಗಿ ಅಂಟಿಕೊಂಡು ಇಷ್ಟು ಕಪ್ಪು ಕಾಣಸ್ತದ. ಬಣ್ಣ ಸುಳ್ಳು ಹೇಳಂಗಿಲ್ಲ ತಂಗಿ, ಆದ್ರ ಅದು ಹೇಳೋದು ನಾವು ತಿಳ್ಕೊಂಡ ಮಾತಲ್ಲ." ಹೇಳುತ್ತಲೇ ಒಂದು ಬಿಳಿ ಹರಳನ್ನು ಹೆಕ್ಕಿ ಅದರ ಮೇಲೆ ಸೀಸೆಯ ಆಮ್ಲ ಒಂದು ಹನಿ ಬಿಟ್ಟರು. ಚುರ್ರೆಂದು ನೊರೆ ಎದ್ದಿತು. ಸುಣ್ಣದ ಹರಳು. ಮೇಲಿನ ಕೆಂಪು ಮಣ್ಣಿನ ಮೇಲೆ ಅದೇ ಹನಿ ಸುಮ್ಮನೆ ಇಂಗಿತ್ತು.

ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಹಾನ್ಸ್ ಯೆನ್ನಿ ಎಂಬ ಮಣ್ಣು ವಿಜ್ಞಾನಿ 1941ರಲ್ಲಿ ಒಂದು ಸಮೀಕರಣ ಬರೆದರು. ಮಣ್ಣನ್ನು ಮಾಡುವವು ಐದು: ಹವೆ, ಜೀವಿಗಳು, ನೆಲದ ಏರುತಗ್ಗು, ಮೂಲದ ಕಲ್ಲು, ಕಾಲ. ಬೀದರಿನ ಈ ಇಳಿಜಾರಿನಲ್ಲಿ ಕಲ್ಲು ಒಂದೇ. ಏರುತಗ್ಗು ಮತ್ತು ಕಾಲ ಬೇರೆಯಾದದ್ದರಿಂದ ಬಣ್ಣ ಬೇರೆಯಾಯಿತು. ಇದೇ ಯೆನ್ನಿ ಭೂದೃಶ್ಯದ ಚಿತ್ರಗಳಲ್ಲಿ ಕಲಾವಿದರು ಮಣ್ಣನ್ನು ಹೇಗೆ ಕಂಡಿದ್ದಾರೆ ಎಂದು ಹುಡುಕಿ 1968ರಲ್ಲಿ ಪ್ರಬಂಧವನ್ನೂ ಬರೆದರು. ಸಮೀಕರಣದಿಂದ ಹೆಸರಾದ ಮನುಷ್ಯ ಚಿತ್ರಗಳ ಮುಂದೆ ನಿಂತು ಹುಡುಕಿದ್ದು ತಾನು ಗುಂಡಿಯಲ್ಲಿ ಹುಡುಕುತ್ತಿದ್ದುದನ್ನೇ.

ಕಲಾವಿದೆ ಕೆಂಪು ಗೋಡೆಯ ಕಡೆ ಕೈ ತೋರಿದರು. "ನಮ್ಮಲ್ಲಿ ಇದಕ್ಕೆ ಚಿರೆಕಲ್ಲು ಅಂತಾರೆ. ನಮ್ಮ ಮನೆಯ ಗೋಡೆ, ಬಾವಿಕಟ್ಟೆ ಎಲ್ಲಾ ಇದರದ್ದೇ. ಅಗೆಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ."

"ಬುಕಾನನ್ ಸಾಹೇಬ ಅದನ್ನ ನೋಡೇ ಹೆಸರಿಟ್ಟ."

ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್‌ಗಳನ್ನು ಸುತ್ತಿ ಬರೆದ ಪ್ರವಾಸ ಗ್ರಂಥ 1807ರಲ್ಲಿ ಅಚ್ಚಾಯಿತು. ಮಲಬಾರಿನ ಅಂಗಾಡಿಪುರಂನಲ್ಲಿ ಜನ ಈ ಕಲ್ಲನ್ನು ಕರಣೆಯಿಂದಲೋ ದೊಡ್ಡ ಚಾಕುವಿನಿಂದಲೋ ಕತ್ತರಿಸಿ ಇಟ್ಟಿಗೆಯಂತೆ ಬಳಸುವುದನ್ನು ಕಂಡು, ಲ್ಯಾಟಿನಿನಲ್ಲಿ ಇಟ್ಟಿಗೆಗಿರುವ 'ಲೇಟರ್' ಎಂಬ ಪದದಿಂದ ಲ್ಯಾಟರೈಟ್ ಎಂದು ಕರೆದರು. ಕನ್ನಡದಲ್ಲಿ ಅದು ಜಂಬಿಟ್ಟಿಗೆ. ಹೆಸರಿನೊಳಗೆ ಇಟ್ಟಿಗೆ ಕೂತೇ ಇದೆ.

ಕರಾವಳಿಯ ಆ ಕೆಂಪೇ ಕಲಾವಿದೆಯ ಮೊದಲ ಪಾಠ. ಉತ್ತರ ಕನ್ನಡದಿಂದ ಗೋವಾದವರೆಗಿನ ಹಳೆಯ ದೇವಸ್ಥಾನ, ಮನೆಗಳ ಗೋಡೆಗಳಲ್ಲಿ ಕಾವಿ ಕಲೆ ಎಂಬ ಬಿಳಿ-ಕೆಂಪಿನ ಚಿತ್ರಗಳಿವೆ. ಚಿಪ್ಪಿನ ಸುಣ್ಣವನ್ನು ಮರಳು, ಬೆಲ್ಲಗಳೊಡನೆ ಕಲೆಸಿ, ಕೊಳೆಸಿ, ಕುಟ್ಟಿ ಗೋಡೆಗೆ ಬಳಿದು, ಅದರ ಮೇಲೆ ಹುರಮಂಜಿ ಎನ್ನುವ ಕೆಂಪು ಮಣ್ಣಿನ ಲೇಪ. ಲೇಪ ಹಸಿಯಿರುವಾಗಲೇ ಕಬ್ಬಿಣದ ಕಂಟದಿಂದ ಕೆರೆದರೆ ಕೆಳಗಿನ ಬಿಳಿ ಗೆರೆಯಾಗಿ ಏಳುತ್ತದೆ. ಕೊನೆಗೆ ನುಣುಪು ಹೊಳೆಗಲ್ಲಿನಿಂದ ಉಜ್ಜಿ ಹೊಳಪು.

"ಇಲ್ಲಿ ಕುಂಚ ಇಲ್ಲ ಸರ್. ಬಣ್ಣ ಹಚ್ಚಿ ಚಿತ್ರ ಮಾಡುವುದಲ್ಲ, ಬಣ್ಣ ತೆಗೆದು ಮಾಡುವುದು. ಸುಣ್ಣ ಒಣಗುವ ಮೊದಲು ಕೈ ಮುಗಿಸಬೇಕು. ಹಾಗಾಗಿ ನಮ್ಮ ಕಡೆಯ ಗೆರೆಗಳಲ್ಲಿ ಅನುಮಾನ ಕಾಣುವುದಿಲ್ಲ, ನೀವು ನೋಡಿ ಬೇಕಾದರೆ. ಅನುಮಾನಿಸಲು ಮಣ್ಣು ಪುರುಸೊತ್ತು ಕೊಡುವುದಿಲ್ಲ."

ಈ ಗೋಡೆಗಳು ಒಂದೊಂದಾಗಿ ಉರುಳಿ ಸಿಮೆಂಟಿನ ಗೋಡೆಗಳು ಏಳುತ್ತಿದ್ದ ಕಾಲದಲ್ಲಿ ಅವನ್ನು ಕ್ಯಾಮರಾದಲ್ಲಿ, ಟಿಪ್ಪಣಿಗಳಲ್ಲಿ ಹಿಡಿದಿಟ್ಟವರು ಹೊನ್ನಾವರದ ಕೃಷ್ಣಾನಂದ ಕಾಮತ್. ಅವರು ಓದಿದ್ದು ವಿಜ್ಞಾನ, ಬದುಕಿದ್ದು ಬರಹ, ಚಿತ್ರ ಮತ್ತು ಛಾಯಾಚಿತ್ರಗಳ ನಡುವೆ. ವಿಜ್ಞಾನದ ಶಿಸ್ತು ಕಲೆಗೆ ಏನು ಕೊಡಬಹುದು ಎಂದು ಕೇಳುವವರಿಗೆ ಆ ದಾಖಲೆಗಳನ್ನು ತೋರಿಸಬೇಕು. ಕೆಡವಿದ ಎಷ್ಟೋ ಗೋಡೆಗಳು ಈಗ ಇರುವುದು ಹಾಗೆ ಹಿಡಿದಿಟ್ಟ ಚಿತ್ರಗಳಲ್ಲಿ ಮಾತ್ರ.

ವಿಜ್ಞಾನಿ ಎರೆಯ ಒಂದು ಉಂಡೆ ಮಾಡಿ, ಅಂಗೈಗಳ ನಡುವೆ ಹೊಸೆದು ಬತ್ತಿ ಮಾಡತೊಡಗಿದರು. ಬತ್ತಿ ದಾರದಷ್ಟು ತೆಳುವಾದರೂ ತುಂಡಾಗಲಿಲ್ಲ. "ಮಣ್ಣೆತ್ತಿನ ಅಮಾಸಿ ದಿನ ನಮ್ಮವ್ವ ಹಿಂಗ ಹೊಸದು ಎತ್ತಿನ ಕೋಡು ಮಾಡ್ತಿದ್ಲು. ಕೋಡು ಮುರದ್ರ 'ಮಣ್ಣು ಇನ್ನೂ ಹದ ಬಂದಿಲ್ಲ' ಅಂತಿದ್ಲು. ಕಾಲೇಜಿಗೆ ಬಂದು ನೋಡ್ತೀನಿ, ಅದ ಪರೀಕ್ಷಾಕ್ಕ ಸ್ವೀಡನ್ನಿನವನ ಹೆಸರದ!"

ಆ ಸ್ವೀಡನ್ನಿನವರು ಆಲ್ಬರ್ಟ್ ಅಟ್ಟರ್‌ಬರ್ಗ್, ರಸಾಯನಶಾಸ್ತ್ರಜ್ಞ. ಒದ್ದೆ ಮಣ್ಣು ಯಾವ ಹಂತದಲ್ಲಿ ಹರಿಯುವುದನ್ನು ಬಿಟ್ಟು ರೂಪ ಹಿಡಿಯುತ್ತದೆ, ಯಾವ ಹಂತದಲ್ಲಿ ರೂಪ ಬಿಟ್ಟು ಪುಡಿಯಾಗುತ್ತದೆ ಎಂಬ ಎಲ್ಲೆಗಳನ್ನು 1911ರಲ್ಲಿ ಗೊತ್ತುಮಾಡಿದರು. ಇವತ್ತು ಸೇತುವೆ, ಅಣೆಕಟ್ಟು ಕಟ್ಟುವ ಮುನ್ನ ಪ್ರಯೋಗಾಲಯದಲ್ಲಿ ಮಣ್ಣನ್ನು ಗಾಜಿನ ಮೇಲೆ ಹೊಸೆದು, ಬತ್ತಿ ಸುಮಾರು 3 ಮಿಲಿಮೀಟರಿಗೆ ಬಂದಾಗ ಬಿರಿಯುತ್ತದೆಯೇ ಎಂದು ನೋಡುತ್ತಾರೆ. ಬಯಲುಸೀಮೆಯ ತಾಯಂದಿರು ಜ್ಯೇಷ್ಠದ ಅಮಾವಾಸ್ಯೆಗೆ ಎತ್ತು, ಆಷಾಢಕ್ಕೆ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಭಾದ್ರಪದಕ್ಕೆ ಗಣಪ ಮತ್ತು ಜೋಕುಮಾರ ಎಂದು ಮಳೆಗಾಲವಿಡೀ ಮಣ್ಣನ್ನು ಮೂರ್ತಿಯಾಗಿ ಕಾಣುವಾಗ ಅದೇ ಎಲ್ಲೆಯನ್ನು ಬೆರಳ ತುದಿಯಲ್ಲಿ ಹುಡುಕುತ್ತಿರುತ್ತಾರೆ.

"ಮೂರ್ತಿ ಒಣಗಿದ ಮ್ಯಾಲೆ ಸೀಳತಿತ್ತು. ಎರಿ ಅಲ್ಲೇನು, ಕುಗ್ಗತದ. ಅದಕ್ಕ ಅವ್ವ ಹತ್ತಿ ಎಳಿ ಸೇರಿಸಿ ನಾದತಿದ್ಲು."

"ಕುಗ್ಗುವ ಮಣ್ಣಿನಿಂದಲೇ ಮಾಡಬೇಕು ಅಂದಾಗ ತಾನೇ ಹತ್ತಿ ಹೊಳೆದದ್ದು?" ಕಲಾವಿದೆ ಕೇಳಿದರು. "ಚಿತ್ರಕ್ಕೆ ಸ್ಫೂರ್ತಿ ಎಲ್ಲಿಂದ ಅಂತ ನನ್ನನ್ನು ಕೇಳುವವರಿದ್ದಾರೆ. ಮಣ್ಣು ಆಗೋದಿಲ್ಲ ಅಂತ ಹಟ ಮಾಡಿದ ಜಾಗದಿಂದ, ಅಂತ ಹೇಳಿದರೆ ಅವರಿಗೆ ನಿರಾಸೆ ಆಗ್ತದೆ."

ಮಧ್ಯಾಹ್ನ ಊರೊಳಗೆ ಬಂದು ಬಿದರಿ ಕೆಲಸದ ಒಂದು ಸಣ್ಣ ಕಾರ್ಖಾನೆಗೆ ಹೋದರು. ಬಿದರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. 2023ರಲ್ಲಿ ಇದೇ ಊರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಕಪ್ಪಿನ ಮೇಲೆ ಬೆಳ್ಳಿಯ ಹೂಬಳ್ಳಿ ಎಂದು ಎಲ್ಲರಿಗೂ ಗೊತ್ತು. ಆ ಕೆಲಸ ಮಣ್ಣಿನಿಂದ ಶುರುವಾಗಿ ಮಣ್ಣಿನಲ್ಲೇ ಮುಗಿಯುತ್ತದೆ ಎಂಬುದು ಕಾರ್ಖಾನೆಯೊಳಗೆ ಕೂತವರಿಗಷ್ಟೇ ಕಾಣುತ್ತದೆ.

ಔಡಲ ಎಣ್ಣೆ, ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಮೊದಲು ಎರಕ. ಲೋಹದಲ್ಲಿ ಸತುವೇ ಹೆಚ್ಚು. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಎರಕವನ್ನು ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿದರೆ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಕೈಬರಹದಂತೆ ಚಿತ್ತಾರ ಗೀರಿ, ಉಳಿಯಿಂದ ಕೊರೆದು, ಕೊರೆದ ಕಾಲುವೆಗೆ ಬೆಳ್ಳಿಯ ತಂತಿ ಅಥವಾ ತಗಡು ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜುತ್ತಾರೆ. ಈಗ ಬೆಳ್ಳಿಯೂ ಬಿಳಿ, ಸತುವೂ ಬಿಳಿ. ಚಿತ್ತಾರ ಇದೆಯೋ ಇಲ್ಲವೋ ಎಂಬಂತೆ ಮಂಕು. ದಿನಗಟ್ಟಲೆ ಬಗ್ಗಿ ಮಾಡಿದ ಕೆಲಸ ಕಣ್ಣೆದುರೇ ಮಾಯವಾದ ಹಾಗೆ.

ಕೊನೆಯ ಗಳಿಗೆಯಲ್ಲಿ ಬರುವುದು ಕೋಟೆಯ ಮಣ್ಣು. ಕುಶಲಕರ್ಮಿ ಒಂದು ಡಬ್ಬಿ ಬಿಚ್ಚಿ ತೋರಿಸಿದರು. ಬೂದು ಮಿಶ್ರಿತ ಕಂದು, ಯಾರೂ ಎರಡನೇ ಸಲ ನೋಡದ ಪುಡಿ. ಅದನ್ನು ನವಸಾಗರದ ಜೊತೆ ನೀರಿನಲ್ಲಿ ಕದಡಿ, ಬಿಸಿ ಮಾಡಿದ ಹೂಜಿಗೆ ಹಚ್ಚಿ ತಿಕ್ಕಿದರು. ಮಂಕು ಲೋಹ ನೋಡನೋಡುತ್ತ ಕಾಡಿಗೆಯಂತಾಯಿತು. ಬೆಳ್ಳಿ ಮಾತ್ರ ಒಂದಿಷ್ಟೂ ಮಾಸದೆ ಆ ಕಪ್ಪಿನಿಂದ ಎದ್ದು ಬಂತು. ಮಾತಾಡುತ್ತಿದ್ದ ಇಬ್ಬರೂ ಸುಮ್ಮನಾದರು.

"ಎಲ್ಲಾ ಮಣ್ಣೂ ಇದನ್ನು ಮಾಡ್ತದೇನು?" ಕಲಾವಿದೆ ಕೇಳಿದರು.

"ಇಲ್ರೀ ಮೇಡಂ. ಕೋಟಿಯೊಳಗ ಹಳೇ ಗೋಡಿ ಬುಡದ್ದು, ಮಳಿ ತಾಗಬಾರದು, ಬಿಸಿಲು ಬೀಳಬಾರದು, ಅಂಥಾ ಜಾಗದ್ದು ಬೇಕು."

"ಅಲ್ಲಿಯದೂ ಎಲ್ಲಾ ಒಂದೇ ಆಗಿರೋದಿಲ್ಲವಲ್ಲ. ಹೇಗೆ ಗುರುತು ಹಿಡೀತೀರಿ?"

"ನಾಲಿಗಿಗೆ ಹಚ್ಚಿ ನೋಡ್ತೀವ್ರಿ. ನಮ್ಮ ಅಬ್ಬಾ ಹಂಗ ಕಲಸ್ಯಾರ. ನಾಲಿಗಿಗೆ ಗೊತ್ತಾಗ್ತದ."

ಹೊರಡುವಾಗ ಅವರು ಚಿಟಿಕೆ ಮಣ್ಣನ್ನು ಕಾಗದದಲ್ಲಿ ಮಡಚಿ ಕಲಾವಿದೆಯ ಕೈಗಿಟ್ಟರು. ಹೊರಗೆ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತಾಗ ವಿಜ್ಞಾನಿಯ ತಲೆಯಲ್ಲಿ ಆ ಮೂರು ಮಾತುಗಳೇ ತಿರುಗುತ್ತಿದ್ದವು: ಹಳೆಯ ಗೋಡೆ, ಮಳೆ ತಾಗಬಾರದು, ನಾಲಿಗೆ.

"ನೋಡು, ಇದು ಸೋರುಪ್ಪಿನ ಕತಿ," ಎಂದು ಕೊನೆಗೆ ಬಿಚ್ಚಿದರು. "ಮನುಷ್ಯಾರು, ದನಕರು ಬಾಳ ವರ್ಷ ಇದ್ದ ಜಾಗದಾಗ ಮೂತ್ರ, ಸಗಣಿ, ಕಸ ಎಲ್ಲಾ ಮಣ್ಣಿಗೆ ಸೇರ್ತಾವ. ಅದರಾಗಿನ ಸಾರಜನಕವನ್ನ ಸೂಕ್ಷ್ಮಜೀವಿಗಳು ತಿಂದು ನೈಟ್ರೇಟ್ ಮಾಡ್ತಾವ. ನೈಟ್ರೇಟ್ ನೀರಾಗ ಭಾಳ ಲಗೂ ಕರಗತದ. ಮಳಿ ಬಿದ್ರ ತೊಳಕೊಂಡು ಹೋತು. ಮಳಿ ತಾಗದ ಮೂಲ್ಯಾಗ ಅಷ್ಟ ಉಳೀತದ. ಅವರು 'ಮಳಿ ತಾಗಬಾರದು' ಅಂದಿದ್ದು ಸುಮ್ಮ ಅಲ್ಲ."

ಬಿದರಿಯ ಕಪ್ಪಿಗೆ ಈ ನೈಟ್ರೇಟ್ ಲವಣಗಳ ಕೈವಾಡ ಮುಖ್ಯ ಎಂಬುದು ಅದನ್ನು ಪರೀಕ್ಷಿಸಿದ ವಿಜ್ಞಾನಿಗಳ ವಿವರಣೆ. ಮೇಲ್ಪದರದ ಸತು ಕರಗಿ ಹೋಗಿ, ಅಲ್ಲಿ ತಾಮ್ರದ ಪಾಲು ಹೆಚ್ಚಿ ಕಪ್ಪು ಪೊರೆ ಕಟ್ಟುತ್ತದೆ. ಬೆಳ್ಳಿಗೆ ಆ ಪಾಕ ಏನೂ ಮಾಡುವುದಿಲ್ಲ. ಸೂಕ್ಷ್ಮಜೀವಿಗಳೇ ನೈಟ್ರೇಟ್ ಮಾಡುತ್ತವೆ ಎಂಬುದನ್ನು ಸೆರ್ಗೈ ವಿನೊಗ್ರಾಡ್‌ಸ್ಕಿ ಅವುಗಳನ್ನು ಬೇರ್ಪಡಿಸಿ ತೋರಿಸಿದ್ದು 1890ರ ಸುಮಾರಿಗೆ. ಬಿದರಿಯವರ ನಾಲಿಗೆ ಅದಕ್ಕೂ ಎಷ್ಟೋ ತಲೆಮಾರು ಮೊದಲೇ ಆ ಜೀವಿಗಳ ಅಡುಗೆಯ ರುಚಿ ನೋಡಿತ್ತು.

"ಹಾಳೂರಿನ ದಿಬ್ಬ ನೋಡೀಯೇನು?" ವಿಜ್ಞಾನಿಗೆ ಮಾತು ಏರಿತ್ತು. "ಜನ ಬಿಟ್ಟುಹೋದ ಹಳೇ ಊರಿನ ಜಾಗ. ನಮ್ಮ ಕಡೆ ರೈತರು ಆ ದಿಬ್ಬದ ಮಣ್ಣು ಚಕ್ಕಡಿಗಟ್ಟಲೆ ಹೇರಿ ಹೊಲಕ್ಕ ಹಾಕತಿದ್ರು. ಬೆಳಿ ಭಾಳ ಚಲೋ ಬರ್ತಿತ್ತು. ಆ ರೈತನ ಮಣ್ಣಿಗೂ ಈ ಬಿದರಿ ಮಣ್ಣಿಗೂ ಸಂಬಂಧ ಅದ ಅಂತ ಇಷ್ಟು ವರ್ಷ ನನಗ ಹೊಳದಿದ್ದಿಲ್ಲ. ಇವತ್ತ ಹೊಳೀತು."

"ಇದನ್ನೇ ಸ್ಫೂರ್ತಿ ಅನ್ನೋದು ಸರ್," ಎಂದರು ಕಲಾವಿದೆ.

"ನಾ ಇದಕ್ಕ ಊಹೆ ಅಂತೀನಿ. ಇನ್ನ ಎರಡೂ ಕಡಿ ಮಣ್ಣು ತಂದು ಪರೀಕ್ಷಾ ಮಾಡಬೇಕು."

ಚಹಾ ಮುಗಿಯುವ ಮೊದಲೇ ಜಗಳವೂ ಬಂತು. ಕಲಾವಿದೆ ನ್ಯೂಯಾರ್ಕಿನ ಒಂದು ಕೃತಿಯ ಮಾತು ತೆಗೆದರು. ವಾಲ್ಟರ್ ಡಿ ಮರಿಯಾ ಎಂಬ ಕಲಾವಿದರು 1977ರಲ್ಲಿ ಮಹಡಿಯೊಂದರ 3,600 ಚದರ ಅಡಿ ನೆಲವನ್ನು 22 ಅಂಗುಲ ಮಣ್ಣಿನಿಂದ ತುಂಬಿಸಿದರು. ಅದು ಈಗಲೂ ಇದೆ. ನೀರು ಚಿಮುಕಿಸುತ್ತಾರೆ, ಕುಂಟೆ ಎಳೆಯುತ್ತಾರೆ, ಮೊಳೆತದ್ದನ್ನು ಕೀಳುತ್ತಾರೆ. ಜನ ಬಂದು ನಿಂತು ನೋಡಿ ಹೋಗುತ್ತಾರೆ.

"ಮೊಳಕಿ ಕಿತ್ತು ಒಗೀತಾರ?" ವಿಜ್ಞಾನಿಯ ಮುಖ ಬಾಡಿತು. "ಬಿತ್ತಲಾರದ ಮಣ್ಣು ಏನು ಮಣ್ಣದು? ಮಣ್ಣನ್ನ ದೂರದಿಂದ ಕೈ ಮುಗಿಯೋ ವಸ್ತು ಮಾಡಿದ್ರ ನನಗ ಸಂಕಟ ಆಗ್ತದ. ನಮ್ಮಲ್ಲೂ ಅದನ್ನ ಮಾಡ್ತಾರ. ಭಾಷಣದಾಗ ಮಣ್ಣು ತಾಯಿ, ಹೊಲದಾಗ ಅದರ ಬಾಯಿಗೆ ಯೂರಿಯಾ."

"ಆ ಊರಿನವರು ಮಣ್ಣು ನೋಡಿ ಎಷ್ಟು ದಿನವಾಗಿತ್ತೋ ಸರ್. ಮೂಗಿಗೆ ವಾಸನೆ ಬಡಿದಾಗ ಏನಾದರೂ ನೆನಪಾಗಬಹುದು. ನಿಮಗೆ ಹರ್ಮನ್ ಡಿ ಫ್ರೀಸ್ ಹಿಡಿಸಬಹುದು, ಕೇಳಿ."

ನೆದರ್ಲೆಂಡ್ಸಿನ ಹರ್ಮನ್ ಡಿ ಫ್ರೀಸ್ ತೋಟಗಾರಿಕೆ ಓದಿ, ಸಸ್ಯರೋಗದ ಇಲಾಖೆಯಲ್ಲಿ, ಜೀವವಿಜ್ಞಾನದ ಸಂಸ್ಥೆಯಲ್ಲಿ ಕೆಲಸ ಮಾಡಿ ಆಮೇಲೆ ಕಲೆಗೆ ಬಂದವರು. ಲೋಕದ ನಾನಾ ಕಡೆಯಿಂದ ಸಾವಿರಾರು ಬಗೆಯ ಮಣ್ಣು ಕೂಡಿಸಿದ್ದಾರೆ. ಆ ಸಂಗ್ರಹ ಫ್ರಾನ್ಸಿನ ದೀನ್ಯ್ ಪಟ್ಟಣದ ಮ್ಯೂಸಿಯಮ್ಮಿನಲ್ಲಿದೆ. ಪ್ರತಿ ಮಣ್ಣನ್ನೂ ಬೆರಳಿಂದ ಕಾಗದಕ್ಕೆ ತಿಕ್ಕಿ, ಸಾಲಾಗಿ ಜೋಡಿಸುವುದು ಅವರ ಚಿತ್ರ. ಬೇರೆ ಆಕಾರವಿಲ್ಲ, ಕತೆಯಿಲ್ಲ. 2015ರಲ್ಲಿ ವೆನಿಸ್ಸಿನ ದ್ವೈವಾರ್ಷಿಕದಲ್ಲಿ ಅವರು ತಮ್ಮ ದೇಶವನ್ನು ಪ್ರತಿನಿಧಿಸಿದರು. ಅದೇ ವರ್ಷವನ್ನು ವಿಶ್ವಸಂಸ್ಥೆ ಮಣ್ಣಿನ ಅಂತರರಾಷ್ಟ್ರೀಯ ವರ್ಷ ಎಂದು ಆಚರಿಸಿತ್ತು.

"ಹಾಂ, ಇವರು ನಮ್ಮವರು," ಎಂದರು ವಿಜ್ಞಾನಿ, ಗೆಲುವಾಗಿ. "ಎಲ್ಲೀ ಮಣ್ಣು ಅಂತ ಬರದಿಟ್ಟಾರೇನು?"

"ಬರೆದಿಡ್ತಾರೆ."

"ಮತ್ತೇನು!"

ಕಲಾವಿದೆ ತಮ್ಮ ಚೀಲದಿಂದ ದುಂಡಗಿನ ಶೋಧಕ ಕಾಗದವೊಂದನ್ನು ತೆಗೆದರು. ಮಧ್ಯದಿಂದ ಹೊರಕ್ಕೆ ಕಂದು, ನೇರಿಳೆ, ಕೆನೆ ಬಣ್ಣದ ಉಂಗುರಗಳು, ಅಂಚಿನಲ್ಲಿ ದಾಸವಾಳದ ದಳದಂಥ ಹಲ್ಲುಗಳು. ಮಣ್ಣನ್ನು ಕ್ಷಾರದಲ್ಲಿ ಕದಡಿ, ಸಿಲ್ವರ್ ನೈಟ್ರೇಟ್ ಸವರಿದ ಕಾಗದದಲ್ಲಿ ಏರಲು ಬಿಟ್ಟಾಗ ಬರುವ ಚಿತ್ರ. ಏರೆನ್‌ಫ್ರೀಡ್ ಫೈಫರ್ ರೂಪಿಸಿದ ಈ ವಿಧಾನವನ್ನು ಮಣ್ಣಿನ ಆರೋಗ್ಯ ತಿಳಿಯಲು ಸಾವಯವ ಕೃಷಿಕರು ಅಲ್ಲಲ್ಲಿ ಬಳಸುತ್ತಾರೆ.

ವಿಜ್ಞಾನಿ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಚಂದ ಅದ. ಆದ್ರ ಈ ಹಲ್ಲು ನೋಡಿ 'ಈ ಮಣ್ಣು ಜೀವಂತ, ಆ ಮಣ್ಣು ಸತ್ತದ' ಅಂತ ರೈತಗ ಹೇಳಿದ್ರ ನಾ ಒಪ್ಪಂಗಿಲ್ಲ. ಒಬ್ಬಬ್ಬರು ಒಂದೊಂದು ಥರಾ ಓದ್ತಾರ. ಅಳತಿಗೆ ನಿಲ್ಲಂಗಿಲ್ಲ."

"ಒಪ್ಪಿದೆ. ವರದಿ ಅಂತ ಇಟ್ಟುಕೊಂಡಿಲ್ಲ ಸರ್, ಮಣ್ಣು ತಾನೇ ಬರೆದ ಚಿತ್ರ ಅಂತ ಇಟ್ಟುಕೊಂಡಿದ್ದೇನೆ." ಚೆಲುವಾಗಿದೆ ಎಂದ ಮಾತ್ರಕ್ಕೆ ನಿಜ ಎನ್ನುವ ಆತುರ ಕಲೆ ಮತ್ತು ವಿಜ್ಞಾನದ ಜೊತೆಗೆಲಸಕ್ಕೆ ದೊಡ್ಡ ಅಪಾಯ. ಅವರಿಬ್ಬರೂ ಅದನ್ನು ಎರಡು ಮಾತಿನಲ್ಲಿ ದಾಟಿದರು.

ವಾಸನೆಯ ಮಾತು ಮತ್ತೆ ಬಂತು. ಮೊದಲ ಮಳೆಯ ಮಣ್ಣಿನ ಗಂಧಕ್ಕೆ 1964ರಲ್ಲಿ ಆಸ್ಟ್ರೇಲಿಯದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಪೆಟ್ರಿಕೋರ್ ಎಂದು ಹೆಸರಿಟ್ಟರು. ಉತ್ತರ ಪ್ರದೇಶದ ಸುಗಂಧದವರು ಮಣ್ಣಿನಿಂದ ಅತ್ತರು ಇಳಿಸುವುದು ಅವರಿಗೆ ಗೊತ್ತಿತ್ತು. ಆ ಗಂಧದಲ್ಲಿರುವ ಜಿಯೋಸ್ಮಿನ್ ಎಂಬ ವಸ್ತುವನ್ನು ಮಾಡುವ ಸೂಕ್ಷ್ಮಜೀವಿಗಳಲ್ಲಿ ಸ್ಟ್ರೆಪ್ಟೊಮೈಸಿಸ್ ಕುಲ ಮುಖ್ಯ. ಅದೇ ಕುಲದ ಒಂದು ಜೀವಿಯಿಂದ 1943ರಲ್ಲಿ ಅಮೆರಿಕದ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದರು. ಕ್ಷಯಕ್ಕೆ ಸಿಕ್ಕ ಮೊದಲ ಸಮರ್ಥ ಪ್ರತಿಜೈವಿಕ ಅದು.

ಬಿಸಿಲು ಇಳಿಯುವ ಹೊತ್ತಿಗೆ ನೌಬಾದಿನ ಸುರಂಗ ಬಾವಿಗೆ ಬಂದರು. ಬಹಮನಿ ಅರಸರ ಕಾಲದ ಈ ಕಾರೇಜ್ ನೆಲದೊಳಗೆ ಕಿಲೋಮೀಟರುಗಟ್ಟಲೆ ನೀರು ಹರಿಸಲು ತೋಡಿದ್ದು; ಅಲ್ಲಲ್ಲಿ ಗಾಳಿಬಾವಿಗಳು ಬಾಯಿ ತೆರೆದುಕೊಂಡಿವೆ. ತೂತುತೂತಾದ ಜಂಬಿಟ್ಟಿಗೆ ಮಳೆನೀರನ್ನು ಹೀರಿ ಇಳಿಸುತ್ತದೆ. ಕೆಳಗಿನ ಕರಿಕಲ್ಲು ತಡೆಯುತ್ತದೆ. ಎರಡೂ ಕೂಡುವ ಗೆರೆಯ ಹತ್ತಿರ ನೀರು ಸಿಗುತ್ತದೆ. ಅದನ್ನು ಹಿಡಿದೇ ಸುರಂಗ ಸಾಗಬೇಕು. 15ನೇ ಶತಮಾನದಲ್ಲಿ ದೀಪದ ಬೆಳಕಿನಲ್ಲಿ ಗುದ್ದಲಿ ಹಿಡಿದು ಹೋದವರು ಬೆಳಿಗ್ಗೆ ಇವರಿಬ್ಬರೂ ರಸ್ತೆ ಬದಿ ಓದಿದ ಕೆಂಪು-ಕಪ್ಪಿನ ಗಡಿಯನ್ನೇ ನೆಲದಡಿಯಲ್ಲಿ ಓದುತ್ತ ಹೋಗಿದ್ದರು.

ಗಾಳಿಬಾವಿಯ ಕಟ್ಟೆಗೆ ಕಿವಿಯಿಟ್ಟು ಕಲಾವಿದೆ ಜೂರಿಕ್‌ನ ಮಾರ್ಕಸ್ ಮೇಡರ್ ಎಂಬ ಧ್ವನಿ ಕಲಾವಿದರ ಬಗ್ಗೆ ಹೇಳಿದರು. ಅವರು ಸೂಕ್ಷ್ಮ ಮೈಕ್ರೊಫೋನುಗಳನ್ನು ಹೊಲದ ಮಣ್ಣಿಗೆ ಚುಚ್ಚಿ, ಒಳಗಿನ ಹುಳಹುಪ್ಪಟೆಗಳ ಓಡಾಟವನ್ನು ಕೇಳಿಸುತ್ತಾರೆ. ಮಣ್ಣಿನ ಜೀವವೈವಿಧ್ಯಕ್ಕೂ ಸದ್ದಿಗೂ ಇರುವ ನಂಟನ್ನು ವಿಜ್ಞಾನಿಗಳ ಜೊತೆ ಸೇರಿ ಹುಡುಕುತ್ತಾರೆ.

"ಕೇಳಬೇಕು ಅದನ್ನ," ಎಂದರು ವಿಜ್ಞಾನಿ. ಸುತ್ತ ಏಳುತ್ತಿದ್ದ ಹೊಸ ಬಡಾವಣೆಗಳ ಕಡೆ ನೋಡುತ್ತಿದ್ದರು. ನೀರು ಇಂಗಬೇಕಾದ ಕೆಂಪು ನೆಲದ ಮೇಲೆ ಸಿಮೆಂಟು ಹರಡುತ್ತಿತ್ತು. 2ರಿಂದ 3 ಸೆಂಟಿಮೀಟರ್ ಮಣ್ಣು ಆಗಲು ಸಾವಿರ ವರ್ಷ ಹಿಡಿಯಬಹುದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತದೆ. "ನನ್ನ ನೌಕರಿಯೊಳಗ ನಾ ನಕಾಶಾದಾಗ ಬಣ್ಣ ಹಚ್ಚಿದ ಎಷ್ಟೋ ಮಣ್ಣು ಈಗ ರಸ್ತೆ ಕೆಳಗ ಹೋಗ್ಯಾವ. ನಕಾಶಾ ಅಷ್ಟ ಉಳದದ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಕಲಾವಿದೆ ಬಿದರಿಯವರು ಕೊಟ್ಟ ಪೊಟ್ಟಣ ಬಿಚ್ಚಿದರು. ಬೆರಳ ತುದಿಯನ್ನು ಒದ್ದೆ ಮಾಡಿ, ಪುಡಿಗೆ ತಾಗಿಸಿ, ನಾಲಿಗೆಗೆ ಇಟ್ಟರು. ಕಣ್ಣು ಮುಚ್ಚಿದರು.

"ಉಪ್ಪು. ಆಮೇಲೆ ಏನೋ ತಣ್ಣಗೆ."

ವಿಜ್ಞಾನಿಯೂ ಬೆರಳು ಚಾಚಿದರು. "ಉಪ್ಪು ಹೌದು. ತಣ್ಣಗ ಅಲ್ಲ, ಚುಚ್ಚತದ. ನಾಲಿಗಿ ಅಂಚಿಗೆ."

"ತಣ್ಣಗೇ ಸರ್."

"ಇನ್ನೊಮ್ಮೆ ಕೊಡು."

ಅವರು ಮತ್ತೆ ರುಚಿ ನೋಡಿ, ಜೇಬಿನಿಂದ ಸಮೀಕ್ಷೆಯ ಹಳೆಯ ನಮೂನೆ ಪುಸ್ತಕ ತೆಗೆದರು. ಬಣ್ಣಕ್ಕೆ ಒಂದು ಕಲಮು ಇತ್ತು, ಜಿಗುಟಿಗೆ ಒಂದು, ಹೆಂಟೆಯ ರಚನೆಗೆ, ಸುಣ್ಣದ ನೊರೆಗೆ ಒಂದೊಂದು. ರುಚಿಗೆ ಜಾಗ ಇರಲಿಲ್ಲ. ಪುಟದ ಅಂಚಿನಲ್ಲಿ ಗೆರೆ ಎಳೆದು ಸಣ್ಣ ಅಕ್ಷರದಲ್ಲಿ 'ಉಪ್ಪು' ಎಂದು ಬರೆದರು. ಮುಂದಿನದು ಏನೆಂದು ಬರೆಯಬೇಕೋ ಗೊತ್ತಾಗದೆ ಪೆನ್ನು ಹಿಡಿದು ಕಲಾವಿದೆಯ ಕಡೆ ನೋಡಿದರು. ಅವರು ಇನ್ನೊಂದು ಚಿಟಿಕೆಯನ್ನು ಒದ್ದೆ ಮಾಡಿ, ಅದೇ ಅಂಚಿನ ಮೇಲೆ ಬೆರಳಿಂದ ತಿಕ್ಕುತ್ತಿದ್ದರು.